ಮಾವನವರ ಬಲಗಣ್ಣು ಮತ್ತು ರಾಮಾ ಬಣ್ಣ

ಮದುವೆಯಾಗಿ ರಾಮದುರ್ಗಕ್ಕೆ ಬಂದ ಮೂರನೆಯ ದಿನ ಬೆಳಿಗ್ಗೆ ಮಾವನವರು ನನ್ನನ್ನು ಪಡಸಾಲೆಗೆ ಕರೆದು, ಮುಂದೆ ಒಂದು ತಾಟು ಬೂದಿ ಇಟ್ಟರು. ಒಲೆಯ ಬೂದಿಯನ್ನು ನುಣ್ಣಗೆ ಸೋಸಿ ತಾಟಿನ ತುಂಬ ಸಮನಾಗಿ ಹರವಿದ್ದರು. ತಾವು ಮೊದಲು ಅದನ್ನು ಒಂದಷ್ಟು ಹೊತ್ತು ಕಣ್ಣು ಮಿಟುಕಿಸದೆ ನೋಡಿದರು. ಆಮೇಲೆ ತಾಟನ್ನು ನನ್ನ ಕಡೆ ಸರಿಸಿ, "ಹೂಂ, ಈಗ ನೀ," ಅಂದರು.

ನಾನೇನು ತಿಳಿಯಲಿ? ಹೊಸ ಮನೆ, ಹೊಸ ಪದ್ಧತಿ. ಯಾವುದೋ ದೇವರ ಪ್ರಸಾದವಿರಬೇಕೆಂದು ಸೆರಗು ತಲೆಯ ಮೇಲೆಳೆದುಕೊಂಡು, ಮೂರು ಬೆರಳಿನಲ್ಲಿ ಬೂದಿ ತೆಗೆದು ಹಣೆಗೆ ಹಚ್ಚಿಕೊಂಡೆ. ಸಾಲದ್ದಕ್ಕೆ ಒಂದು ಚಿಟಿಕೆ ಬಾಯಿಗೂ ಹಾಕಿಕೊಂಡೆ.

"ಅಯ್ಯ ನಮ್ಮವ್ವಾ! ಸೊಸಿ ಬೂದಿ ತಿಂದ್ಲು!" ಅಂತ ಅತ್ತೆ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕುಳಿತು ನಕ್ಕರು. ಮಾವನವರು ನಗಲಿಲ್ಲ. "ನೋಡು ಅಂದ್ರ ನೋಡಬೇಕವಾ, ತಿನ್ನೂದಲ್ಲ," ಅಂದರು. ಅವತ್ತಿನಿಂದ ನಾನು ಹಸಿವು ಅಂದಾಗಲೆಲ್ಲ ಅತ್ತೆ, "ತಡಿ, ಒಂದ್ ತಾಟ ಬೂದಿ ಬಡಸ್ತೇನಿ," ಅನ್ನುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ಅತ್ತೆ ನಕ್ಕರೆ ನನಗೂ ನಗು ತಡೆಯುತ್ತಿರಲಿಲ್ಲ.

ವಿಷಯ ಇಷ್ಟೇ: ಅದು ಬಣ್ಣ ಹಾಕುವವರ ಮನೆ. ಸುತ್ತಲಿನ ನೇಕಾರರು ನೂಲಿನ ಲಡಿಗಳನ್ನು, ಅಂದರೆ ಸುರುಳಿ ಕಟ್ಟುಗಳನ್ನು, ತಂದು ಕೊಡುತ್ತಿದ್ದರು, ಮಾವನವರು ಹಿತ್ತಲಿನ ಹಂಡೆಗಳಲ್ಲಿ ಬಣ್ಣ ಕುದಿಸಿ ಅದ್ದಿ ಕೊಡುತ್ತಿದ್ದರು. ಬಣ್ಣ ಸರಿಯಾಯಿತೋ ಇಲ್ಲವೋ ನೋಡುವ ಮೊದಲು ಅವರು ಬೂದಿ ನೋಡಬೇಕು. ಅದಕ್ಕೆ ಅವರು 'ಕಣ್ಣು ತೊಳೆಯೋದು' ಅನ್ನುತ್ತಿದ್ದರು. ಬೂದಿಗೆ ತನ್ನದೇ ಬಣ್ಣವಿಲ್ಲ, ಹಾಗಾಗಿ ಅದನ್ನು ನೋಡಿದ ಕಣ್ಣು ಹಿಂದಿನದನ್ನೆಲ್ಲ ಮರೆತು ಹೊಸದನ್ನು ನೋಡಲು ಸಿದ್ಧವಾಗುತ್ತದೆ ಎಂಬುದು ಅವರ ಲೆಕ್ಕ. ಆ ಮನೆಯಲ್ಲಿ ಇನ್ನೊಂದು ನೇಮವಿತ್ತು. ಬೂದಿಯನ್ನಾಗಲಿ, ಹಂಡೆಯಿಂದ ತೆಗೆದ ಹೊಸ ನೂಲನ್ನಾಗಲಿ, ಮೊದಲು ನೋಡುವವರು ಮಾವನವರೇ. ಅವರು ನೋಡಿ ಹೂಂ ಅನ್ನುವವರೆಗೆ ಉಳಿದವರು ಆ ಕಡೆ ಮುಖ ಹಾಕುವಂತಿರಲಿಲ್ಲ.

ಅವತ್ತು ನಾನು ಬಾಯಿ ಮುಕ್ಕಳಿಸಿ ಬಂದು ಸರಿಯಾಗಿ ಬೂದಿ ನೋಡಿದ ಮೇಲೆ, ಮಾವನವರು ಎರಡು ಲಡಿ ತಂದು ತೋರಿಸಿ, "ಇವು ಒಂದ ಬಣ್ಣನೋ, ಬ್ಯಾರೆ ಬ್ಯಾರೆನೋ?" ಅಂತ ಕೇಳಿದರು.

"ಬ್ಯಾರೆ ಬ್ಯಾರೆ ಅದಾವ್ರಿ ಮಾವಾರ. ಎಡಗಡೀದು ಒಂದ್ ಎಳಿ ಹೆಚ್ಚಿಗಿ ಹಸರ ಐತಿ."

ಮಾವನವರು ಅತ್ತೆಯ ಕಡೆ ತಿರುಗಿ, "ಮಗನ ಕಣ್ಣ ಹೋದ್ರ ಹೋಗವಲ್ದು, ಸೊಸಿ ಕಣ್ಣ ಬಂತು," ಅಂದರು. ಮಗ ಅಂದರೆ ನನ್ನ ಗಂಡ. ಬಣ್ಣದವರ ಮನೆಯಲ್ಲಿ ಹುಟ್ಟಿ ಕೆಂಪಿಗೂ ಹಸಿರಿಗೂ ವ್ಯತ್ಯಾಸ ಗೊತ್ತಾಗದ ಮನುಷ್ಯ. ಗಿಡದಲ್ಲಿ ಹಣ್ಣುಮೆಣಸಿನಕಾಯಿ ಯಾವುದು, ಹಸಿಯದು ಯಾವುದು ಅಂತ ಹಿಚುಕಿ ನೋಡಿ ಹೇಳುತ್ತಿದ್ದರು. ಹೀಗಾಗಿ ಹಂಡೆಯ ಗೊಡವೆ ಬಿಟ್ಟು ಸವದತ್ತಿ ಕಡೆಯ ಒಂದು ಶಾಲೆಯಲ್ಲಿ ಗಣಿತ ಕಲಿಸಲು ಹೋಗುತ್ತಿದ್ದರು. ಮೊದಲ ಪಂಚಮಿಗೆ ನನಗೆಂದು ಹಸಿರು ಸೀರೆ ತರುತ್ತೇನೆಂದು ಹೋಗಿ ಕಂದು ಸೀರೆ ತಂದಿದ್ದರು. ನಾನು ಒಂದು ವಾರ ಮಾತು ಬಿಟ್ಟೆ. ಆಮೇಲೆ ಅದನ್ನೇ ಉಟ್ಟು ಉಟ್ಟು ಹರಿದೆ. ಎಷ್ಟು ಮೆತ್ತಗಿತ್ತು ಆ ಸೀರೆ!

ನನ್ನ ತವರು ಬೈಲಹೊಂಗಲ. ಅಪ್ಪ ಮಾರುಕಟ್ಟೆಯ ಹತ್ತಿಯ ಅಡತಿ ಅಂಗಡಿಯಲ್ಲಿದ್ದರು. ನಾನು ಅಲ್ಲಿಯ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಓದಿದವಳು. ಪಾಸಾಗಿದ್ದು ದೇವರ ದಯೆ, ಆದರೆ ಕಣ್ಣಿನ ಪಾಠ ಮಾತ್ರ ನನಗೆ ಬಾಯಿಪಾಠವಿತ್ತು. ಒಂದು ಮಧ್ಯಾಹ್ನ ಲಡಿ ತಿರುವುತ್ತ ಕೂತಾಗ ನನ್ನ ಜಾಣತನ ತೋರಿಸೋಣವೆಂದು ಮಾವನವರಿಗೆ ಪಾಠ ಶುರುಮಾಡಿದೆ. ಕಣ್ಣಿನ ಒಳಗೆ ಹಿಂಬದಿಯಲ್ಲಿ ಒಂದು ಪರದೆ ಇದೆ, ಅದರ ಮೇಲೆ ಬೆಳಕನ್ನು ಹಿಡಿಯುವ ಕೋಟಿಗಟ್ಟಲೆ ಕೋಶಗಳಿವೆ. ಕೋಲಿನ ಆಕಾರದವು ಮಬ್ಬುಬೆಳಕಿನಲ್ಲಿ ಕೆಲಸ ಮಾಡುತ್ತವೆ, ಅವಕ್ಕೆ ಬಣ್ಣ ತಿಳಿಯುವುದಿಲ್ಲ. ಶಂಕುವಿನ ಆಕಾರದವು ಬಣ್ಣ ಹಿಡಿಯುತ್ತವೆ, ಅವುಗಳಲ್ಲಿ ಮೂರೇ ಜಾತಿ. ಒಂದು ಕೆಂಪಿನ ಕಡೆ ವಾಲಿದ್ದು, ಒಂದು ಹಸಿರಿನ ಕಡೆ, ಒಂದು ನೀಲಿಯ ಕಡೆ. ಈ ಮೂರೂ ಎಷ್ಟೆಷ್ಟು ಕೂಗಿ ಹೇಳುತ್ತವೆ ಅನ್ನುವುದರ ಮೇಲೆ ಮಿದುಳು ಇದು ಅರಿಶಿಣ, ಇದು ಬದನೆಕಾಯಿ ಬಣ್ಣ ಅಂತ ತೀರ್ಮಾನ ಮಾಡುತ್ತದೆ.

ಮಾವನವರು ಲಡಿ ತಿರುವುವ ಕೋಲು ಕೆಳಗಿಟ್ಟು ಕೇಳಿದರು. "ಮೂರ ಜಾತಿನ? ಎಲ್ಲಾ ಬಣ್ಣಕ್ಕೂ ಮೂರ ಅಷ್ಟ?"

"ಹೌದ್ರಿ, ಮೂರ ಅಷ್ಟ."

"ಹಂಗಾರ ಮೂರ ಹಂಡೆ ಅನ್ನು! ನಂದೂ ಮೂರ ಹಂಡೆ. ಕಣ್ಣಾಗೂ ಒಬ್ಬ ಬಣ್ಣದಾವ ಕುಂತಾನ ಅಂದಂಗಾತು." ಅವರಿಗೆ ಎಷ್ಟು ಖುಷಿಯಾಯಿತೆಂದರೆ ಆ ವಾರ ಬಂದ ನೇಕಾರರಿಗೆಲ್ಲ ಇದನ್ನೇ ಹೇಳಿದರು. ಹಂಡೆಯಲ್ಲಿ ಬಣ್ಣ ಕೂಡುವ ರೀತಿ ಬೇರೆ, ಕಣ್ಣಲ್ಲಿ ಬೆಳಕು ಕೂಡುವ ರೀತಿ ಬೇರೆ ಅಂತ ತಿದ್ದುವ ಮನಸ್ಸು ನನಗಾಗಲಿಲ್ಲ.

ಪುಸ್ತಕ ಓದದೆ ಅವರಿಗೆ ಗೊತ್ತಿದ್ದದ್ದೇ ಜಾಸ್ತಿ. ಒಮ್ಮೆ ಕುಂಕುಮಗೆಂಪಿನ ಲಡಿಯನ್ನು ನನ್ನ ಕಣ್ಣಮುಂದೆ ಹಿಡಿದು, ಇಪ್ಪತ್ತು ಎಣಿಸುವವರೆಗೆ ದಿಟ್ಟಿಸಿ ನೋಡಿಸಿ, ತಟಕ್ಕನೆ ಸುಣ್ಣದ ಗೋಡೆ ತೋರಿಸಿದರು. ಗೋಡೆಯ ಮೇಲೆ ಹಸಿರು ಲಡಿಯೊಂದು ತೇಲಾಡುತ್ತಿತ್ತು. "ಕೆಂಪಿನ ದೆವ್ವ ಅದು, ಹಸರ ಇರತೈತಿ," ಅಂದರು. ಕೆಂಪು ನೋಡಿ ನೋಡಿ ಕೆಂಪಿನ ಕೋಶಗಳು ದಣಿದಾಗ ಉಳಿದವುಗಳ ಮಾತೇ ಮೇಲಾಗುತ್ತದೆ ಅಂತ ನಾನು ಓದಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಬೂದಿಯ ತಾಟು ಇರುವುದು ಈ ದೆವ್ವ ಬಿಡಿಸಲಿಕ್ಕೇ ಅಂತ ಆಗ ಅರ್ಥವಾಯಿತು. ಹಾಗೆಯೇ ದೀಪ ಹಚ್ಚುವ ಹೊತ್ತಾದ ಮೇಲೆ ಬಣ್ಣ ನೋಡಬಾರದು ಅನ್ನುವುದು. ಮುಸ್ಸಂಜೆ ಕೆಂಪು ಮೊದಲು ಕರ್ರಗಾಗುತ್ತದೆ, ನೀಲಿ ಮಾತ್ರ ಸುಮ್ಮನೆ ಬೆಳ್ಳಗೆ ಮೆರೆಯುತ್ತದೆ. "ಸಂಜಿಗೆ ಕಣ್ಣು ಸುಳ್ಳ ಹೇಳತಾವ," ಅನ್ನುತ್ತಿದ್ದರು.

ಮಾವನವರಿಗೆ ಹೆಸರು ತಂದದ್ದು ರಾಮಾ ಬಣ್ಣ. ಹಸಿರೂ ಅಲ್ಲ, ನೀಲಿಯೂ ಅಲ್ಲ, ನವಿಲಿನ ಕೊರಳಿನಲ್ಲಿ ಎರಡೂ ಕೂಡುವ ಜಾಗದ ಬಣ್ಣ. ಹಳದಿ ಒಂದು ಚಿಟಿಕೆ ಹೆಚ್ಚಾದರೆ ಗಿಣಿಯಾಗುತ್ತದೆ, ನೀಲಿ ಹೆಚ್ಚಾದರೆ ಪೊಲೀಸ್ ವ್ಯಾನಾಗುತ್ತದೆ. ಮುರಗೋಡದಿಂದಲೂ ನೂಲು ಬರುತ್ತಿತ್ತು ಅವರ ರಾಮಾಕ್ಕಾಗಿ. ನನ್ನ ಗಂಡ ಹುಟ್ಟಿದಾಗ ತಾವೇ ಬಣ್ಣ ಹಾಕಿದ ನೂಲಿನಲ್ಲಿ ನೇಯಿಸಿ ಅತ್ತೆಗೆ ಒಂದು ರಾಮಾ ಸೀರೆ ಕೊಟ್ಟಿದ್ದರು. ಅದನ್ನು ಅತ್ತೆ ಕಿತ್ತೂರಿನ ತವರಿಗೆ ಹೋಗುವಾಗ ಮಾತ್ರ ಟ್ರಂಕಿನಿಂದ ತೆಗೆಯುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು, ಮನೆಯಲ್ಲಿ ಧೋತರದ ಜಗಳ ಶುರುವಾಯಿತು. "ಧೋತರ ಹಳದಿ ಬಿದ್ದಾವ, ನೀಲಿ ಹಾಕಂಗಿಲ್ಲೇನ ನೀವು?" ಅಂತ ಮಾವನವರು ದಿನಾ ಅತ್ತೆಯ ಮೇಲೆ ಹರಿಹಾಯತೊಡಗಿದರು. ಅತ್ತೆ ಬಕೆಟ್ಟಿಗೆ ನಾಲ್ಕು ಹನಿ ನೀಲಿ ಹಾಕುತ್ತಿದ್ದವರು ಎಂಟು ಹಾಕಿದರು. ಆಮೇಲೆ ಹದಿನಾರು. ಕೊನೆಗೆ ಸಿಟ್ಟು ಬಂದು ಬಾಟಲಿಯನ್ನೇ ಬಗ್ಗಿಸಿದರು. ಮಾವನವರು ಆಕಾಶದ ತುಂಡೊಂದನ್ನು ಸುತ್ತಿಕೊಂಡವರಂತೆ ತಿಳಿನೀಲಿ ಧೋತರ ಉಟ್ಟು, "ಹಾಂ, ಈಗ ಬೆಳ್ಳಗಾತು ನೋಡು," ಅಂತ ಪೇಟೆಗೆ ಹೊರಟರು. ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ನಾನೂ ನಕ್ಕೆ.

ಆ ನಗು ಬಹಳ ದಿನ ಉಳಿಯಲಿಲ್ಲ. ಮೂವತ್ತು ವರ್ಷದಿಂದ ನಮ್ಮಲ್ಲೇ ಬಣ್ಣ ಹಾಕಿಸುತ್ತಿದ್ದ ಹಿರಿಯ ನೇಕಾರರೊಬ್ಬರು ಒಂದು ದಿನ ಮುಂಬಾಗಿಲಿಗೆ ಬರದೆ ಹಿತ್ತಲಿಗೆ ಬಂದರು. ಮಾವನವರು ಊಟ ಮಾಡಿ ಅಡ್ಡಾಗಿದ್ದ ಹೊತ್ತು ನೋಡಿಯೇ ಬಂದಿದ್ದರು. ಚೀಲದಿಂದ ಎರಡು ಲಡಿ ತೆಗೆದು ನನ್ನ ಕೈಗಿಟ್ಟರು.

"ಇದು ಮೂರ ವರ್ಸದ ಹಿಂದಿನ ರಾಮಾ, ಇದು ಮೊನ್ನೆ ಒಯ್ದಿದ್ದು. ನೀನ ನೋಡು ತಂಗಿ."

ನೋಡುವುದೇನಿತ್ತು? ಮೊನ್ನೆಯದು ಪೊಲೀಸ್ ವ್ಯಾನಾಗಿತ್ತು.

"ಅಣ್ಣಾರಿಗೆ ಹೇಳಾಕ ನನ್ನ ಕಡಿಂದ ಆಗಂಗಿಲ್ಲ," ಅಂದರು ಅವರು. "ಹೇಳಿದ್ರ ನಾಳಿಂದ ಹಂಡೇಕ ಕೈ ಹಚ್ಚಂಗಿಲ್ಲ ಅವ್ರು. ಉಳದವರ ಕಿವೀಗೆ ಬಿತ್ತಂದ್ರ, ಬಣ್ಣದಾವನ ಕಣ್ಣ ಹೋತು ಅಂತ ಊರ ತುಂಬ ಆಕೈತಿ. ನೀನರ ಏನರ ಮಾಡವಾ." ಅವರ ಕಣ್ಣಲ್ಲಿ ನೀರು ಬಂದಿತ್ತು.

ಅವರು ಹೋದ ಮೇಲೆ ಹಗ್ಗದ ಮೇಲೆ ಒಣಗುತ್ತಿದ್ದ ಧೋತರ ಕಣ್ಣಿಗೆ ಬಿತ್ತು. ಧೋತರಕ್ಕೂ ರಾಮಾಕ್ಕೂ ಒಂದೇ ಕಾಯಿಲೆ! ಮಾವನವರಿಗೆ ಲೋಕವೇ ಹಳದಿಯಾಗಿ ಕಾಣುತ್ತಿದೆ, ಅದಕ್ಕೇ ಎಲ್ಲದಕ್ಕೂ ನೀಲಿ ಸುರಿಯುತ್ತಿದ್ದಾರೆ. ಅಷ್ಟು ನಕ್ಕಿದ್ದೆನಲ್ಲ ಅಂತ ನಾಚಿಕೆಯಾಯಿತು. ಬಣ್ಣವೇ ಅವರ ಬದುಕು, ಬೇರೆ ಯಾವ ಷೋಕಿಯೂ ಇರಲಿಲ್ಲ ಅವರಿಗೆ. ಕಣ್ಣಿನ ಮೇಲಿನ ಭರವಸೆ ಹೋದರೆ ಆ ಮನುಷ್ಯ ಬೆಳಿಗ್ಗೆ ಎದ್ದು ಮಾಡುವುದಾದರೂ ಏನು?

ಅತ್ತೆಗೆ ಹೇಳಿದೆ. ಇಬ್ಬರೂ ಸೇರಿ ಕಳ್ಳತನಕ್ಕೆ ಇಳಿದೆವು. ಹಂಡೆಗೆ ಬಣ್ಣ ಬೆರೆಸುವ ಕೈ ಅಷ್ಟೊತ್ತಿಗೆ ನನ್ನದಾಗಿತ್ತು, ಸರಿಯೋ ತಪ್ಪೋ ಹೇಳುವ ಕಣ್ಣು ಮಾತ್ರ ಮಾವನವರದು. ಪದ್ಧತಿ ಹೀಗಿತ್ತು: ದೊಡ್ಡ ಹಂಡೆಗೆ ನೂಲು ಇಳಿಸುವ ಮೊದಲು, ಅದರ ನೀರಿನಲ್ಲಿ ಒಂದು ತುಂಡು ನೂಲು ಅದ್ದಿ ಒಣಗಿಸಿ ಮಾವನವರಿಗೆ ತೋರಿಸಬೇಕು. ಅವರು ಹೂಂ ಅಂದರೆ ಆ ನಮೂನೆ ಗೋಡೆಯ ತಂತಿಗೆ ಏರುತ್ತದೆ. ನಾನು ಹಂಡೆಯಿಂದ ಒಂದು ತಂಬಿಗೆ ಬಣ್ಣದ ನೀರು ಬೇರೆ ತೆಗೆದು, ಅದಕ್ಕೆ ಮಾತ್ರ ಹೆಚ್ಚಿನ ನೀಲಿ ಹಾಕಿ, ಅದರಲ್ಲಿ ಅದ್ದಿದ ನಮೂನೆ ತೋರಿಸುತ್ತಿದ್ದೆ. ಮಾವನವರು ಬೂದಿ ನೋಡಿ, ನಮೂನೆ ನೋಡಿ, "ಹೂಂ, ಇದು ರಾಮಾ," ಅನ್ನುತ್ತಿದ್ದರು. ದೊಡ್ಡ ಹಂಡೆಯಲ್ಲಿ ಮಾತ್ರ ನಾನು ಸರಿ ಅಂದುಕೊಂಡ ಬಣ್ಣವಿರುತ್ತಿತ್ತು. ನೂಲು ಒಣಗುವುದು ಮಾಳಿಗೆಯ ಮೇಲೆ. ಮಂಡಿನೋವಿನಿಂದ ಮಾವನವರು ಮೆಟ್ಟಿಲು ಹತ್ತುತ್ತಿರಲಿಲ್ಲ. ಅವರು ಹಿತ್ತಲಿನ ಕಡೆ ಬಂದರೆ ಅತ್ತೆ ಕೆಮ್ಮುತ್ತಿದ್ದರು. ಆ ವರ್ಷ ಅತ್ತೆಗೆ ಎಷ್ಟು ಕೆಮ್ಮೆಂದರೆ ಮಾವನವರೇ ಶುಂಠಿ ಕಷಾಯ ಮಾಡಿಸಿ ಕುಡಿಸಿದರು.

ಕದಿಯುತ್ತಿದ್ದರೂ ಮನಸ್ಸು ಚುಚ್ಚುತ್ತಿತ್ತು. ಪ್ರತಿ ಸಲ ಅವರು ಒಪ್ಪಿದ ನೂಲಿನ ಎಳೆ, ನಾನು ಅದ್ದಿದ ನೂಲಿನ ಎಳೆ, ಎರಡನ್ನೂ ಜೋಡಿಸಿ ಗಂಟು ಹಾಕಿ ಒಂದು ಬಿಸ್ಕಿಟ್ ಡಬ್ಬಿಯಲ್ಲಿ ಇಡುತ್ತ ಬಂದೆ. ಯಾಕೆ ಇಟ್ಟೆ ಅಂದರೆ, ನೂಲು ಮುಟ್ಟಿದರೆ ನಮೂನೆ ಇಡಬೇಕು ಅಂತ ಕಲಿಸಿದವರು ಅವರೇ. ಕಳ್ಳತನದ್ದೂ ನಮೂನೆ ಇಟ್ಟೆ.

ವರ್ಷ ಕಳೆಯುವುದರಲ್ಲಿ ಮಾವನವರಿಗೆ ಬಸ್ಸಿನ ಬೋರ್ಡು ಓದುವುದೂ ಕಷ್ಟವಾಯಿತು. ಮುರಗೋಡಕ್ಕೆಂದು ಹೊರಟವರು ಸವದತ್ತಿಯಲ್ಲಿ ಇಳಿದು, ಮಗನ ಶಾಲೆ ಹುಡುಕಿಕೊಂಡು ಹೋಗಿ ಅವನ ಜೊತೆ ಮರಳಿ ಬಂದರು. ಅದೇ ನೆಪ ಮಾಡಿ ಬೈಲಹೊಂಗಲದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. "ಮಂಜ ಮಂಜ ಕಾಣತೈತಿ ಖರೇ, ಆದ್ರ ಬಣ್ಣಕ್ಕೇನ ಧಾಡಿ ಇಲ್ಲ," ಅಂತ ಮಾವನವರು ಕೂರುವ ಮೊದಲೇ ಹೇಳಿದರು.

ಡಾಕ್ಟರು ಟಾರ್ಚು ಬಿಟ್ಟು ನೋಡಿದರು. "ಮೋತಿಬಿಂದು ಬಂದೈತ್ರಿ ಹಿರ್ಯಾರ, ಕಣ್ಣಿನ ಪೊರಿ, ಎರಡೂ ಕಣ್ಣಿಗೆ. ಮೊದಲ ಬಲಗಣ್ಣ ಮಾಡೂಣು, ಎಡಗಣ್ಣ ಆಮ್ಯಾಲ. ನೋಡ್ರಿ, ಕಣ್ಣಾಗ ಒಂದ್ ಲೆನ್ಸ್ ಇರತೈತಿ. ಹುಟ್ಟಿದಾಗ ನೀರಿನಂಗ ತಿಳಿ. ವಯಸ್ಸಾದಂಗ ಹಳದಿ ಆಕೈತಿ. ನಿಮ್ಮದು ಈಗ ಕಡಕ್ ಚಹಾ ಆಗೇತಿ. ಹಳದಿ ಗಾಜು ನೀಲಿ ಬೆಳಕನ್ನ ಒಳಗ ಬಿಡಂಗಿಲ್ಲ. ಹಂಗಾಗಿ ನೀಲಿ ನಿಮಗ ಕಡಿಮಿ ಕಾಣತಿರಬೇಕು."

ಮಾವನವರು, "ಯಾರಿಗೆ? ನನಗ?" ಅಂತ ನಕ್ಕುಬಿಟ್ಟರು. ಇಷ್ಟು ದಿನ ಗೊತ್ತೇ ಆಗಲಿಲ್ಲ ಯಾಕೆ ಅಂತ ನಾನು ಮೆಲ್ಲಗೆ ಕೇಳಿದೆ. ಬದಲಾವಣೆ ಒಂದೊಂದೇ ಕೂದಲೆಳೆಯಷ್ಟು ಬರುತ್ತದೆ, ಮಿದುಳು ಅದಕ್ಕೆ ಹೊಂದಿಕೊಳ್ಳುತ್ತ ಹೋಗುತ್ತದೆ, ಹೊಂದಿಕೊಳ್ಳಲಾರದಷ್ಟು ದಟ್ಟವಾದಾಗಲೂ ಮನುಷ್ಯ ಕಣ್ಣನ್ನು ಬಿಟ್ಟು ಲೋಕದ ಮೇಲೆಯೇ ತಪ್ಪು ಹೊರಿಸುತ್ತಾನೆ ಅಂದರು ಡಾಕ್ಟರು.

ಆಪರೇಷನ್ನಿಗೆ ಮುಂಚೆ ಅತ್ತೆ ನನ್ನನ್ನು ಮೂಲೆಗೆ ಕರೆದರು. "ಪಟ್ಟಿ ಬಿಚ್ಚಿದ ಮ್ಯಾಲ ಎಲ್ಲಾ ಕಂಡಬಿಡತೈತಿ. ತಂತೀ ಮ್ಯಾಲಿನ ನಮೂನಿ ತಗದ ಒಗಿಯೂಣು. ನಿನ್ನ ಡಬ್ಬೀನೂ ಒಲೀಗೆ ಹಾಕು." ನಾನು ಆಯ್ತೆಂದೆ. ಒಲೆಯ ತನಕ ಹೋದೆ ಕೂಡ. ಹಾಕಲು ಕೈ ಬರಲಿಲ್ಲ.

ಆಪರೇಷನ್ ಆದ ಮರುದಿನ ಪಟ್ಟಿ ಬಿಚ್ಚಿದ್ದು ಬೈಲಹೊಂಗಲದಲ್ಲೇ. ಬಲಗಣ್ಣು ತೆರೆದ ಮಾವನವರು ಡಾಕ್ಟರನ್ನು ನೋಡಲಿಲ್ಲ, ಅತ್ತೆಯನ್ನು ನೋಡಲಿಲ್ಲ. ತಮ್ಮ ತೊಡೆ ನೋಡಿಕೊಂಡರು. "ಏ, ಇದೇನಿದು? ಧೋತರ ಯಾಕ ನೀಲಿ ಐತಿ?"

ನರ್ಸು ನಕ್ಕಳು. ಡಾಕ್ಟರೂ ನಕ್ಕರು. ಮಾವನವರು ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದರು, ಧೋತರ ಬೆಳ್ಳಗಾಯಿತು. ಎಡ ಮುಚ್ಚಿ ಬಲ ತೆರೆದರು, ನೀಲಿಯಾಯಿತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಡಾಕ್ಟರು ಕೊಟ್ಟ ಕಪ್ಪು ಕನ್ನಡಕವನ್ನು ಸ್ವಲ್ಪ ಸ್ವಲ್ಪ ಎತ್ತಿ, ಮುಗಿಲನ್ನು ಒಮ್ಮೆ ಆ ಕಣ್ಣಿನಿಂದ, ಒಮ್ಮೆ ಈ ಕಣ್ಣಿನಿಂದ ನೋಡುತ್ತಿದ್ದರು. ಮುರಗೋಡ ದಾಟಿದ ಮೇಲೆ ಒಂದೇ ಮಾತು ಕೇಳಿದರು. "ಎಷ್ಟ ವರ್ಸ ಆಗಿರಬೇಕವಾ?"

"ಎರಡ ವರ್ಸ ಆಗಿರಬೇಕ್ರಿ," ಅಂದೆ.

ಮನೆ ತಲುಪಿದವರು ಕಾಲು ಕೂಡ ತೊಳೆಯದೆ ಗೋಡೆಯ ತಂತಿಯ ಹತ್ತಿರ ಹೋದರು. ಅತ್ತೆ ಗಡಿಬಿಡಿಯಲ್ಲಿ ಅದನ್ನು ತೆಗೆಯುವುದನ್ನೇ ಮರೆತಿದ್ದರು. "ಬೂದಿ ತಾ," ಅಂದರು ಮಾವನವರು. ತಂದಿಟ್ಟೆ. ಬಹಳ ಹೊತ್ತು ಬೂದಿ ನೋಡಿದರು. ಆಮೇಲೆ ಕೈಯಿಂದ ಎಡಗಣ್ಣು ಮುಚ್ಚಿಕೊಂಡು ನಮೂನೆಗಳನ್ನು ಒಂದೊಂದಾಗಿ ನೋಡುತ್ತ ಬಂದರು. ಹಳೆಯ ರಾಮಾ, ಹಳೆಯ ರಾಮಾ, ಆಮೇಲೆ ಒಂದು ಕಡೆಯಿಂದ ಎಲ್ಲ ನೀಲಿ, ನೀಲಿ, ನೀಲಿ. ಮಾವನವರು ಕಟ್ಟೆಗೆ ಒರಗಿ ಕುಳಿತುಬಿಟ್ಟರು.

"ಇದನ್ನ ಕೊಟ್ಟೇನಿ ಏನ ಮಂದೀಗೆ?" ಅಂದರು. "ಎಷ್ಟ ಮಂದಿ ಸೀರಿ ಕೆಡಿಸೇನಿ ನಾ! ಒಬ್ಬರೂ ಹೇಳಲಿಲ್ಲಲ್ಲಾ, ಒಬ್ಬರೂ."

ಆ ದನಿ ನಾನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಇಷ್ಟು ದಿನ ನಾನು ಹೆದರಿದ್ದು ನನ್ನ ಕಳ್ಳತನ ತಿಳಿದರೆ ಅವರಿಗೆ ಎಷ್ಟು ನೋವಾದೀತು ಅಂತ. ಸುಮ್ಮನಿದ್ದರೆ ಅದಕ್ಕಿಂತ ದೊಡ್ಡ ನೋವು ಹೊತ್ತುಕೊಂಡು ಬದುಕುತ್ತಾರೆ ಅಂತ ಆಗ ತಿಳಿಯಿತು. ಒಳಗೆ ಓಡಿ ಡಬ್ಬಿ ತಂದು ಅವರ ಮುಂದೆ ಬಗ್ಗಿಸಿದೆ. ಅತ್ತೆ ಈ ಸಲ ಖರೇ ಕೆಮ್ಮಿದರು.

"ಕೆಟ್ಟಿಲ್ರಿ ಮಾವಾರ, ಒಬ್ಬರ ಸೀರೀನೂ ಕೆಟ್ಟಿಲ್ಲ. ಮೊದಮೊದಲ ಒಂದೆರಡ ಬಿಟ್ರ ಉಳದದ್ದೆಲ್ಲಾ ನಾ ತಿದ್ದೇನ್ರಿ. ನಿಮಗ ತೋರಿಸಿದ್ದ ಬ್ಯಾರೆ, ಹಂಡ್ಯಾಗ ಹಾಕಿದ್ದ ಬ್ಯಾರೆ. ಬೈರಿ ಬೇಕಾರ, ಬಡೀರಿ." ಇಷ್ಟು ಹೇಳುವುದರಲ್ಲಿ ನಾನು ಅಳುತ್ತಿದ್ದೆ. ಸಿಟ್ಟಿನವಳಿಗೆ ಅಳುವೂ ಜೋರಾಗಿಯೇ ಬರುತ್ತದೆ, ಓಣಿಗೆಲ್ಲ ಕೇಳಿಸಿರಬೇಕು.

ಮಾವನವರು ಗಂಟು ಹಾಕಿದ ಜೋಡಿಗಳನ್ನು ನೋಡಿದರು. ಒಂದು ಎಳೆ ತಮ್ಮದು, ಒಂದು ನನ್ನದು. ನೋಡುತ್ತ ನೋಡುತ್ತ ಅವರ ಮುಖ ಬಿಗಿಯಾಯಿತು. "ನನ್ನ ಹಂಡೇಕ ಕಳ್ಳಿ ಹೊಕ್ಕಿದ್ಲಾ?" ಅಂದರು. ಆಮೇಲೆ ಅತ್ತೆಗೆ, "ನಿನ್ನ ರಾಮಾ ಸೀರಿ ತಾ," ಅಂದರು. ಟ್ರಂಕಿನಿಂದ ಸೀರೆ ಬಂತು. ಉತ್ತರದ ಬಾಗಿಲಿನ ಬೆಳಕಿನಲ್ಲಿ ಅದನ್ನು ಹರವಿ, ಮತ್ತೆ ಬೂದಿ ನೋಡಿ, ನನ್ನ ಎಳೆಗಳನ್ನು ಒಂದೊಂದಾಗಿ ಸೀರೆಯ ಮೇಲಿಟ್ಟು ನೋಡಿದರು. ನಾನು ಪಿಯುಸಿ ರಿಸಲ್ಟಿಗೂ ಅಷ್ಟು ಹೆದರಿರಲಿಲ್ಲ.

"ಒಂದ್ ಎಳಿ ಹಸರ ಹೆಚ್ಚಿಗಿ ಆಗೇತಿ," ಅಂದರು ಕೊನೆಗೆ. "ಎಲ್ಲಾದಕ್ಕೂ. ಬೂದಿ ನೋಡ್ತಿದ್ದೇನ ನೀ?"

ನೋಡುತ್ತಿರಲಿಲ್ಲ. ಕದ್ದು ಮಾಡುವ ಗಡಿಬಿಡಿಯಲ್ಲಿ ಬೂದಿಗೆಲ್ಲಿ ಪುರುಸೊತ್ತು? ಅವರ ನೀಲಿ ನಮೂನೆ ಅದ್ದಿ, ಅದನ್ನೇ ನೋಡಿದ ಕಣ್ಣಿನಿಂದ ನನ್ನ ಹಂಡೆ ನೋಡುತ್ತಿದ್ದೆ. ತೊಳೆಯದ ಕಣ್ಣಿಗೆ ಹಂಡೆ ಎಷ್ಟು ನೀಲಿಯಿದ್ದರೆ ಸರಿ ಅನ್ನುವ ಅಂದಾಜೇ ತಪ್ಪಿತ್ತು. ಅವರ ನೀಲಿಗೆ ಹೆದರಿ ನಾನು ಹಸಿರಿನ ಕಡೆ ಒಂದು ಹೆಜ್ಜೆ ಜಾಸ್ತಿಯೇ ಸರಿದಿದ್ದೆ.

"ಬೂದಿ ತಿನ್ನೂದ ಅಷ್ಟ ಕಲ್ತಿ, ನೋಡೂದ ಕಲೀಲಿಲ್ಲ," ಅಂದರು ಮಾವನವರು. ಅತ್ತೆ ಕಿಸಕ್ಕನೆ ನಕ್ಕರು. ಅವರು ನಕ್ಕದ್ದೇ ತಡ, ಮಾವನವರೂ ನಕ್ಕರು. ನಾನು ಮಾತ್ರ ಅವತ್ತು ನಗಲಾರದೆ ಮೂಗು ಒರೆಸಿಕೊಂಡು ಚಹಾ ಇಡಲು ಹೋದೆ.

ಎಂಟು ದಿನ ಕಳೆದು ಆ ಹಿರಿಯ ನೇಕಾರರು ಕಣ್ಣು ಹೇಗಿದೆ ಅಂತ ವಿಚಾರಿಸಲು ಬಂದರು, ಈ ಸಲ ಮುಂಬಾಗಿಲಿನಿಂದ. ಮಾವನವರು ಅವರನ್ನು ಕೂರಿಸಿ, ಬಿಸ್ಕಿಟ್ ಡಬ್ಬಿಯ ಜೋಡಿ ಎಳೆಗಳನ್ನೇ ತೆಗೆದು ಮುಂದಿಟ್ಟರು. ನಾನು ಒಳಗಿನಿಂದ ಕೈಸನ್ನೆ ಮಾಡಿದೆ, ಬೇಡ ಬೇಡ ಅಂತ. ನೋಡಿಯೂ ನೋಡದವರಂತೆ ಮಾವನವರು ಹೇಳಿಯೇಬಿಟ್ಟರು. "ಎರಡ ವರ್ಸದಿಂದ ನನ್ನ ಕಣ್ಣ ಹೋಗಿತ್ತು. ನೀ ಒಯ್ದ ರಾಮಾ ನಂದಲ್ಲ, ಸೊಸೀದು. ಮಂದೀಗೂ ಹೇಳು."

"ಹೌದೇನ್ರಿ ಅಣ್ಣಾರ?" ಅಂದರು ನೇಕಾರರು. "ನನಗ ಗೊತ್ತ ಆಗಲಿಲ್ಲ ನೋಡ್ರಿ. ನಿಮ್ಮದ ಅಂತ ತಿಳಕೊಂಡಿದ್ನಿ ನಾ."

ಚಹಾ ಕುಡಿದು ಅವರು ಹೋದ ಮೇಲೆ ಮಾವನವರು ಬಾಗಿಲಿನ ಕಡೆ ನೋಡಿದರು. "ಸುಳ್ಳ ಹೇಳಿದಾ ಮಗಾ," ಅಂದರು ಆಮೇಲೆ, ಪ್ರೀತಿಯಿಂದಲೇ. "ಹೇಳುಮುಂದ ಮಾರಿ ಕೆಂಪಗಾತು ಅವಂದು. ಈಗ ನನಗ ಎಲ್ಲಾ ಚಲೋ ಕಾಣತೈತಿ."

ಎಡಗಣ್ಣಿನ ಆಪರೇಷನ್ನೂ ಮುಂದೆ ಆಯಿತು, ಧೋತರ ಮತ್ತೆ ಬೆಳ್ಳಗಾಯಿತು. ಆದರೆ ನನಗೆ ಅದಕ್ಕಿಂತ ನೆನಪಿರುವುದು ನೇಕಾರರು ಬಂದುಹೋದ ಮಾರನೆಯ ಬೆಳಿಗ್ಗೆ. ಹಂಡೆಯಲ್ಲಿ ರಾಮಾ ಕುದಿಯುತ್ತಿತ್ತು. ನಾನು ನಮೂನೆ ಅದ್ದಿ, ಒಣಗಿಸಿ, ಬೂದಿಯ ತಾಟಿನ ಪಕ್ಕ ತಂದಿಟ್ಟು, ರೂಢಿಯಂತೆ ಮುಖ ಆ ಕಡೆ ತಿರುಗಿಸಿ ನಿಂತೆ. ಅವರು ಹೂಂ ಅನ್ನಲಿಲ್ಲ. ತಿರುಗಿ ನೋಡಿದರೆ ಮಾವನವರೇ ಆ ಕಡೆ ಮುಖ ಮಾಡಿ ಕೂತಿದ್ದರು. ಬೂದಿಯ ತಾಟು ನನ್ನ ಕಡೆ ಸರಿದಿತ್ತು.

"ಮೊದಲ ನೀ ನೋಡವಾ," ಅಂದರು.